ಭೇದಿ ನಿಂತ ಮೇಲೆ

ಮಗುವಿನ ಭೇದಿ ಹತೋಟಿಗೆ ಬಂತು, ಇನ್ನೇನು ಗಂಜಿ ಕುಡಿದು ಎದ್ದು ಓಡಾಡುತ್ತದೆ ಅಂತ ಮನೆಯವರು ಉಸಿರು ಬಿಡುವ ಹೊತ್ತಿಗೆ ಶುರುವಾಗುವ ಕಾಯಿಲೆ ಒಂದಿದೆ. ಪೂರ್ತಿ ಹೆಸರು ಹೀಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್. ವಾರ್ಡಿನಲ್ಲಿ ಎಲ್ಲರೂ ಎಚ್‌ಯುಎಸ್ ಅಂತಲೇ ಕರೆಯುವುದು. ಕೆಂಪು ರಕ್ತಕಣಗಳು ಒಡೆದು ಚೂರಾಗುತ್ತವೆ, ಪ್ಲೇಟ್ಲೆಟ್ ಕುಸಿಯುತ್ತದೆ, ಕಿಡ್ನಿ ಕೈಕೊಡುತ್ತದೆ. ಮೂರೂ ಹೆಚ್ಚುಕಡಿಮೆ ಒಟ್ಟೊಟ್ಟಿಗೆ. ಇದಕ್ಕೆ ಸಿಕ್ಕಿಬೀಳುವವರಲ್ಲಿ ಬಹುಪಾಲು 5 ವರ್ಷದೊಳಗಿನ ಮಕ್ಕಳು. ಇಷ್ಟೆಲ್ಲ ಮಾಡುವುದು ಕರುಳಿನಲ್ಲಿ ಕೂತ ಬ್ಯಾಕ್ಟೀರಿಯಾ ಬಿಡುವ ಒಂದು ವಿಷ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕರುಳು ಬಿಟ್ಟು ಕದಲುವುದೇ ಇಲ್ಲ. ರಕ್ತಕ್ಕೆ ಇಳಿಯುವುದು ಅದರ ವಿಷ ಮಾತ್ರ.

ನಾನು ಪೆಥಾಲಜಿಸ್ಟ್. ಹಾಸನದ ಕಡೆ ಒಂದು ಲ್ಯಾಬಿನಲ್ಲಿ ಕೆಲಸ. ರೋಗಿಗಳ ಮುಖಕ್ಕಿಂತ ಅವರ ರಕ್ತವೇ ನನಗೆ ಹೆಚ್ಚು ಪರಿಚಯ. ನೇರಳೆ ಮುಚ್ಚಳದ ಟ್ಯೂಬು ಬರುತ್ತದೆ, ಮಷಿನ್ನು ಎಣಿಸುತ್ತದೆ, ಅಂಕಿ ಹೊರಗೆ ಬೀಳುತ್ತದೆ. ದಿನದ ಮುಕ್ಕಾಲು ಪಾಲು ರಿಪೋರ್ಟು ಅಷ್ಟಕ್ಕೇ ಮುಗಿಯುತ್ತದೆ. ಈ ಕಾಯಿಲೆಯಲ್ಲಿ ಮಾತ್ರ ಮಷಿನ್ನನ್ನೇ ನಂಬಿ ಕೂರುವ ಹಾಗಿಲ್ಲ. ಅದು ಕಣಗಳನ್ನು ಗುರುತಿಸುವುದು ಮುಖ್ಯವಾಗಿ ಗಾತ್ರ ನೋಡಿ. ಒಡೆದ ಕೆಂಪುಕಣದ ಪುಟ್ಟ ಚೂರು ಅದರ ಲೆಕ್ಕದಲ್ಲಿ ಪ್ಲೇಟ್ಲೆಟ್ ಆಗಿಬಿಡಬಹುದು. ನಿಜಕ್ಕೂ 30,000ಕ್ಕೆ ಇಳಿದಿರುವ ಪ್ಲೇಟ್ಲೆಟ್ಟು ಕಾಗದದ ಮೇಲೆ ಅದಕ್ಕಿಂತ ವಾಸಿ ಅನ್ನಿಸುವಷ್ಟು ಕಾಣಬಹುದು.

ಅದಕ್ಕೇ ಸ್ಲೈಡ್ ಎಳೆಯಬೇಕು. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ, ಲೀಶ್ಮನ್ ಬಣ್ಣ ಹಾಕಿ, ತೊಳೆದು ಒಣಗಿಸಿ, ಎಣ್ಣೆ ಲೆನ್ಸಿನ ಕೆಳಗೆ ಇಟ್ಟು ನೋಡಬೇಕು. ಒಳ್ಳೆಯ ಕೆಂಪುಕಣ ದುಂಡಗೆ, ನಡುವೆ ತಿಳಿಯಾಗಿರುತ್ತದೆ. ಎಚ್‌ಯುಎಸ್ ಆದ ಮಗುವಿನ ಸ್ಲೈಡಿನಲ್ಲಿ ಆ ದುಂಡು ಕಣಗಳ ನಡುನಡುವೆ ಇಲಿ ಕಚ್ಚಿಬಿಟ್ಟ ಹಪ್ಪಳದ ಹಾಗೆ ತುಂಡುಗಳು. ಒಂದು ಕಡೆ ನೇರವಾಗಿ ಕತ್ತರಿಸಿದಂತೆ, ಎರಡು ತುದಿಯಲ್ಲಿ ಚೂಪು ಕೊಂಬು. ಕೆಲವು ತ್ರಿಕೋನ. ಕೆಲವಕ್ಕೆ ಪುಸ್ತಕದಲ್ಲೇ ಹೆಲ್ಮೆಟ್ ಸೆಲ್ ಅಂತ ಹೆಸರು. ರಿಪೋರ್ಟಿನಲ್ಲಿ ಒಟ್ಟಾಗಿ ಶಿಸ್ಟೋಸೈಟ್ ಅಂತ ಬರೆಯುತ್ತೇವೆ. ಅವುಗಳ ಪಕ್ಕದಲ್ಲಿ ಸ್ವಲ್ಪ ನೀಲಿ ಛಾಯೆಯ, ದೊಡ್ಡ ಗಾತ್ರದ ಎಳೆಯ ಕಣಗಳೂ ಕಾಣುತ್ತವೆ. ಒಡೆದುಹೋದಷ್ಟನ್ನು ತುಂಬಿಕೊಡಬೇಕು ಅಂತ ಮೂಳೆಯ ಮಜ್ಜೆ ಬಲಿಯುವ ಮೊದಲೇ ಹೊರಗೆ ಕಳಿಸಿದ ಕಣಗಳು ಅವು. ಪ್ಲೇಟ್ಲೆಟ್ ಹುಡುಕಿದರೆ ಅಲ್ಲೊಂದು ಇಲ್ಲೊಂದು.

ಕಣ ಒಡೆಯುವುದು ವಿಷ ನೇರವಾಗಿ ತಾಗಿ ಅಲ್ಲ. ವಿಷ ಹಾಳುಮಾಡುವುದು ಕಿಡ್ನಿಯ ಕೂದಲೆಳೆ ರಕ್ತನಾಳಗಳ ಒಳಪದರವನ್ನು. ಪದರ ಕಿತ್ತುಬಂದ ಜಾಗಕ್ಕೆಲ್ಲ ಪ್ಲೇಟ್ಲೆಟ್ ಹೋಗಿ ಅಂಟಿಕೊಳ್ಳುತ್ತವೆ, ಸಣ್ಣ ಸಣ್ಣ ಹೆಪ್ಪು ಕಟ್ಟುತ್ತವೆ. ಅದಕ್ಕೇ ರಕ್ತದಲ್ಲಿ ಪ್ಲೇಟ್ಲೆಟ್ ಖಾಲಿ. ಕಿರಿದಾದ ಆ ದಾರಿಯಲ್ಲಿ ಒತ್ತಡಕ್ಕೆ ಸಿಕ್ಕಿ ನುಗ್ಗುವ ಕೆಂಪುಕಣಗಳು ಹರಿದುಹೋಗುತ್ತವೆ. ದಾರಿಯೇ ಕಟ್ಟಿಕೊಂಡ ಮೇಲೆ ಕಿಡ್ನಿ ಸೋಸುವುದೇನನ್ನು? ಮೂರು ಬೇರೆ ಬೇರೆ ಕಾಯಿಲೆಯಂತೆ ಕಾಣುವುದರ ಹಿಂದೆ ಇರುವುದು ಈ ಒಂದೇ ಅನಾಹುತ.

ನಮ್ಮ ಕಡೆ ಪ್ಲೇಟ್ಲೆಟ್ ಅನ್ನುವ ಪದವನ್ನು ಡೆಂಗಿ ಎಲ್ಲರ ಬಾಯಿಗೂ ಹತ್ತಿಸಿದೆ. ಮಳೆಗಾಲದಲ್ಲಿ ಮಗುವಿನ ಪ್ಲೇಟ್ಲೆಟ್ ಇಳಿದಿದೆ ಅಂದರೆ ಬೇರೇನೂ ಯೋಚಿಸುವ ಮೊದಲೇ ಪಪ್ಪಾಯಿ ಎಲೆ ಅರೆದು ರಸ ಹಿಂಡಿ ಆಗಿರುತ್ತದೆ. ಕಣ ಒಡೆದು ಕಣ್ಣು ಕೊಂಚ ಹಳದಿಯಾದರೆ ಕಾಮಾಲೆ ಅಂತ ನಾಟಿ ಮದ್ದು ಕುಡಿಸಲು ಹೊರಡುವವರೂ ಇದ್ದಾರೆ. ಒಂದು ಜುಲೈನಲ್ಲಿ ಹಾಗೆ ಒಬ್ಬರು ಕೌಂಟರಿನ ಮುಂದೆ ನಿಂತು ಕೇಳುತ್ತಿದ್ದರು, "ಮೇಡಂ, ಪ್ಲೇಟ್ಲೆಟ್ ಎಷ್ಟ್ ಬಂದಿದೆ? ಡೆಂಗಿನಾ?" ಹಿಂದೆ ಬೆಂಚಿನ ಮೇಲೆ ಅವರ ತಾಯಿ, ತೊಡೆಯ ಮೇಲೆ ಮೂರು ವರ್ಷದ ಹೆಣ್ಣುಮಗು. ನಾನು ಆಗಷ್ಟೇ ಸ್ಲೈಡ್ ನೋಡಿ ಎದ್ದು ಬಂದಿದ್ದೆ.

"ಮಗು ಉಚ್ಚೆ ಮಾಡಿ ಎಷ್ಟು ಹೊತ್ತಾಯ್ತು?"

ಅಪ್ಪನಿಗೆ ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತು. "ನಿನ್ನೆ ಬೆಳಿಗ್ಗೆ ಒಂಚೂರು ಮಾಡ್ತು ಕಣವ್ವ, ಕೆಂಪಗಿತ್ತು. ಆಮೇಲೆ ಮಾಡೇ ಇಲ್ಲ. ಅಷ್ಟೊಂದು ಬೇಧಿ ಆಗೈತಲ್ಲ, ಮೈಯಾಗೆ ನೀರೇ ಇಲ್ಲ ಅಂದ್ಕಂಡ್ವಿ."

ಅಜ್ಜಿಯ ಲೆಕ್ಕ ತಪ್ಪೇನಲ್ಲ. ಭೇದಿಯಾದ ಮಗು ನೀರು ಕಳೆದುಕೊಂಡು ಮೂತ್ರ ಕಡಿಮೆ ಮಾಡುವುದು ದಿನನಿತ್ಯದ ಮಾತು, ಡಾಕ್ಟರೂ ಮೊದಲು ಅದನ್ನೇ ಅಂದುಕೊಳ್ಳುವುದು. ಆದರೆ ನೀರು ಕಳೆದುಕೊಂಡ ಮಗುವಿನ ಕಣ್ಣು ಗುಳಿ ಬೀಳುತ್ತದೆ, ನಾಲಿಗೆ ಒಣಗುತ್ತದೆ. ಈ ಮಗುವಿನ ರೆಪ್ಪೆ ಊದಿಕೊಂಡಿತ್ತು. ಕಾಲ್ಗೆಜ್ಜೆ ಚರ್ಮಕ್ಕೆ ಒತ್ತಿ ಗುರುತು ಬಿದ್ದಿತ್ತು. ಕುಡಿಸಿದ ಓಆರ್‌ಎಸ್ ಎಲ್ಲ ಮೈಯಲ್ಲೇ ನಿಂತಿತ್ತು. ಈಗ ಪ್ಯಾಂಪರ್ಸ್ ಬಂದ ಮೇಲೆ ಇನ್ನೊಂದು ತೊಂದರೆ: ನೀರುನೀರಾದ ಭೇದಿ ಯಾವುದು, ಉಚ್ಚೆ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಟ್ಟೆ ಕಟ್ಟುತ್ತಿದ್ದ ಕಾಲದ ಅಜ್ಜಿಯರು ಇದನ್ನು ಚೆನ್ನಾಗಿ ಹೇಳುತ್ತಾರೆ.

ಕಿಡ್ನಿಯ ಸ್ಥಿತಿ ಹೇಳುವ ರಕ್ತಪರೀಕ್ಷೆಗಳು, ಕ್ರಿಯಾಟಿನಿನ್ ಬಂತು, ಪೊಟ್ಯಾಶಿಯಂ ಬಂತು. ಕಳಿಸಿದ್ದ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ. ಅವತ್ತು ಸಂಜೆಯೇ ಮಗುವನ್ನು ಬೆಂಗಳೂರಿಗೆ ಕಳಿಸಿದರು. ಹೊಟ್ಟೆಯೊಳಗೆ ದ್ರಾವಣ ತುಂಬಿ ತೆಗೆಯುವ ಪೆರಿಟೋನಿಯಲ್ ಡಯಾಲಿಸಿಸ್ ಆಯಿತು, ರಕ್ತ ಕೊಟ್ಟರು, ಕೊನೆಗೆ ಉಚ್ಚೆ ಬಂತು. ಯಾವ ಬ್ಯಾಕ್ಟೀರಿಯಾ ಅನ್ನುವುದು ಮಾತ್ರ ಗೊತ್ತಾಗಲೇ ಇಲ್ಲ. ಮಲದ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಕಿಡ್ನಿ ನಿಲ್ಲುವ ಹೊತ್ತಿಗೆ ಕರುಳಿನಿಂದ ಬ್ಯಾಕ್ಟೀರಿಯಾ ಜಾಗ ಖಾಲಿ ಮಾಡಿರುವುದು ಈ ಕಾಯಿಲೆಯಲ್ಲಿ ಅಪರೂಪವೇನಲ್ಲ.

ಈ ಕಾಯಿಲೆಗೆ ಹೆಸರು ಕೊಟ್ಟವನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಮಕ್ಕಳ ರಕ್ತರೋಗ ತಜ್ಞ ಕಾನ್ರಾಡ್ ಗಾಸರ್, 1955ರಲ್ಲಿ. ಅವನೂ ಜೊತೆಗಾರರೂ ಬರೆದ ವರದಿಯಲ್ಲಿ ಇದ್ದದ್ದು 5 ಮಕ್ಕಳು. ಐವರೂ ತೀರಿಕೊಂಡಿದ್ದರು. ಮಕ್ಕಳು ಬದುಕಲು ಶುರುಮಾಡಿದ್ದು ಅರ್ಜೆಂಟೀನಾದಲ್ಲಿ. ಬ್ಯೂನಸ್ ಐರಿಸ್‌ನ ಮಕ್ಕಳ ಆಸ್ಪತ್ರೆಯಲ್ಲಿ ಕಾರ್ಲೋಸ್ ಜಿಯಾನಾಂತೋನಿಯೊ ಅನ್ನುವ ವೈದ್ಯ 1964ರಲ್ಲಿ 58 ಮಕ್ಕಳ ವಿವರ ಪ್ರಕಟಿಸಿದ. ಜಗತ್ತಿನ ಬೇರೆಡೆ ಒಂದೆರಡು ಕಂಡರೆ ಹೆಚ್ಚು ಅನ್ನುವ ಕಾಯಿಲೆ, ಒಂದೇ ಆಸ್ಪತ್ರೆಯಲ್ಲಿ ಅಷ್ಟು. ಅವನ ಬಳಿ ವಿಷಕ್ಕೆ ಮದ್ದಿರಲಿಲ್ಲ. ವಿಷ ಇದೆ ಅನ್ನುವುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಅವನು ಮಾಡಿದ್ದು ಒಳಗೆ ಹೋದ ನೀರು ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಕಟ್ಟುನಿಟ್ಟಾಗಿ ಅಳೆದದ್ದು, ಅಷ್ಟು ಸಣ್ಣ ಮಕ್ಕಳಿಗೂ ಪೆರಿಟೋನಿಯಲ್ ಡಯಾಲಿಸಿಸ್ ಮಾಡಿ ಕಿಡ್ನಿ ತಾನಾಗಿ ಚೇತರಿಸಿಕೊಳ್ಳುವ ತನಕ ಮಗುವನ್ನು ಉಳಿಸಿಕೊಂಡದ್ದು. ನನ್ನ ಕಣ್ಣಿಗೆ ಈ ಕಾಯಿಲೆಯ ಇಡೀ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಇವತ್ತಿಗೂ ಚಿಕಿತ್ಸೆಯ ತಿರುಳು ಅದೇ. ಡಯಾಲಿಸಿಸ್ ಬೇಕಾಗುವುದು ಸುಮಾರು ಅರ್ಧದಷ್ಟು ಮಕ್ಕಳಿಗೆ. ಒಳ್ಳೆಯ ಸೌಲಭ್ಯ ಇರುವ ಕಡೆ ಈಗ ಸಾಯುವವರು ನೂರಕ್ಕೆ 5ಕ್ಕಿಂತ ಕಡಿಮೆ. ಅರ್ಜೆಂಟೀನಾದಲ್ಲಿ ಆತನ ಹುಟ್ಟುಹಬ್ಬವಾದ ಆಗಸ್ಟ್ 19ನ್ನೇ ಈ ಕಾಯಿಲೆಯ ವಿರುದ್ಧದ ರಾಷ್ಟ್ರೀಯ ದಿನ ಮಾಡಿಕೊಂಡಿದ್ದಾರೆ. ಅಲ್ಲಿ ಈಗಲೂ ವರ್ಷಕ್ಕೆ ನೂರಾರು ಮಕ್ಕಳಿಗೆ ಇದು ಬರುತ್ತದೆ, ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು.

ವಿಷದ ಕಥೆ ಬೇರೆ ದಾರಿಯಲ್ಲಿ ನಡೆದು ಬಂದು ಇದಕ್ಕೆ ಕೂಡಿಕೊಂಡಿತು. 1897ರಲ್ಲಿ ಜಪಾನಿನಲ್ಲಿ ರಕ್ತಭೇದಿ ಹಬ್ಬಿ 90,000ಕ್ಕೂ ಹೆಚ್ಚು ಜನ ಮಲಗಿದರು, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಸತ್ತರು. ಬ್ಯಾಕ್ಟೀರಿಯಾ ವಿಜ್ಞಾನಿ ಕಿಟಾಸಾಟೊನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದ ತರುಣ ಕಿಯೋಶಿ ಶಿಗಾ ಅದರ ಬ್ಯಾಕ್ಟೀರಿಯಾ ಹಿಡಿದ. ಅವನ ಹೆಸರೇ ಅದಕ್ಕೆ ನಿಂತಿತು: ಶಿಗೆಲ್ಲಾ. ಅದು ಬಿಡುವ ವಿಷ ಶಿಗಾ ಟಾಕ್ಸಿನ್. ಅಲ್ಲಿಂದ 80 ವರ್ಷ ಆಚೆಗೆ, 1977ರಲ್ಲಿ, ಕೆನಡಾದ ಜಾಕ್ ಕೊನೊವಾಲ್ಚುಕ್ ಇ. ಕೋಲಿ ಅನ್ನುವ ಕರುಳಿನ ಬ್ಯಾಕ್ಟೀರಿಯಾದ ಕೆಲವು ತಳಿಗಳ ದ್ರವವನ್ನು ಹಸಿರು ಕೋತಿಯ ಕಿಡ್ನಿಯಿಂದ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿದಾಗ ಅವು ಸತ್ತವು. 1982ರಲ್ಲಿ ಅಮೆರಿಕದ ಒರೆಗಾನ್ ಮತ್ತು ಮಿಷಿಗನ್‌ನಲ್ಲಿ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿಯಾಗಿ ಒ157:ಎಚ್7 ಅನ್ನುವ ಇ. ಕೋಲಿ ತಳಿ ಸಿಕ್ಕಿತು. ಮರುವರ್ಷ ಟೊರೊಂಟೊದ ಮಕ್ಕಳ ಆಸ್ಪತ್ರೆಯ ಮೊಹಮ್ಮದ್ ಕರ್ಮಾಲಿ ಮತ್ತು ಸಂಗಡಿಗರು ಎಚ್‌ಯುಎಸ್ ಆದ ಮಕ್ಕಳ ಮಲದಲ್ಲಿ ಕೊನೊವಾಲ್ಚುಕ್ ಕಂಡ ವಿಷವನ್ನೇ ತೋರಿಸಿದರು. ಅದು ಶಿಗಾನ ವಿಷದ ಖಾಸಾ ಬಳಗ ಅನ್ನುವುದೂ ಅದೇ ಹೊತ್ತಿಗೆ ಗೊತ್ತಾಯಿತು. ಗಾಸರ್‌ನ ಐದು ಮಕ್ಕಳಿಂದ ಅಲ್ಲಿಗೆ 28 ವರ್ಷ.

ಒಂದು ಬ್ಯಾಕ್ಟೀರಿಯಾದ ವಿಷ ಇನ್ನೊಂದಕ್ಕೆ ಹೇಗೆ ಬಂತು ಅಂದರೆ, ಹೊತ್ತು ತಂದದ್ದು ವೈರಸ್. ಬ್ಯಾಕ್ಟೀರಿಯಾಗಳಿಗೆ ತಗಲುವ ಫೇಜ್ ಅನ್ನುವ ವೈರಸ್ಸಿನ ಜೀನುಗಳ ನಡುವೆ ಈ ವಿಷದ ಜೀನ್ ಇರುತ್ತದೆ. ಫೇಜ್ ಹೊಕ್ಕ ಸಾದಾ ಇ. ಕೋಲಿ ವಿಷಕಾರಿ ಆಗುತ್ತದೆ. ವಿಷದ ರಚನೆಯಲ್ಲಿ ಎರಡು ಭಾಗ. ಐದು ತುಂಡು ಸೇರಿದ ಒಂದು ಉಂಗುರ, ಜೀವಕೋಶದ ಮೇಲಿರುವ ಜಿಬಿ3 ಅನ್ನುವ ಕೊಬ್ಬಿನ ಅಣುವನ್ನು ಹುಡುಕಿ ಹಿಡಿಯುತ್ತದೆ. ಹಿಡಿದ ಮೇಲೆ ಒಳಗೆ ನುಸುಳುವ ಇನ್ನೊಂದು ಭಾಗ, ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎಯ ಸಾವಿರಾರು ಅಕ್ಷರಗಳಲ್ಲಿ ಒಂದೇ ಒಂದನ್ನು, ಒಂದು ಅಡೆನೈನನ್ನು, ಕಿತ್ತುಹಾಕುತ್ತದೆ. ಅಷ್ಟೇ. ಪ್ರೋಟೀನ್ ತಯಾರಿ ನಿಲ್ಲುತ್ತದೆ, ಕೋಶ ಸಾಯುತ್ತದೆ. ಕಿಡ್ನಿಯ ಸಣ್ಣ ರಕ್ತನಾಳಗಳಲ್ಲಿ ಜಿಬಿ3 ಧಾರಾಳ, ಹಾಗಾಗಿ ಪೆಟ್ಟು ಅಲ್ಲಿಗೇ.

ನನಗೆ ಈ ವಿಷಯದಲ್ಲಿ ಓದಿ ಮರೆಯಲಾಗದ್ದು ಮುಂದಿನ ಮಾತು. 1980ರ ದಶಕದ ಕೊನೆಯಲ್ಲಿ ಜಪಾನಿನ ಎಂಡೊ ಮತ್ತು ಸಂಗಡಿಗರು ಹರಳು ಬೀಜದಲ್ಲಿರುವ ರೈಸಿನ್ ವಿಷ ಹೇಗೆ ಕೊಲ್ಲುತ್ತದೆ ಅಂತ ಬಿಡಿಸಿ ತೋರಿಸಿದರು. ರೈಸಿನ್ ಕೀಳುವುದೂ ಅದೇ ಅಡೆನೈನನ್ನು. ಶಿಗಾ ವಿಷ ಕೀಳುವುದೂ ಅದನ್ನೇ, ಅದೇ ಜಾಗದಲ್ಲಿ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ, ಉತ್ತರ ಕರ್ನಾಟಕದವರು ಔಡಲ ಅನ್ನುವ ಗಿಡ ಒಂದು ಕಡೆ, ಕರುಳಿನ ಬ್ಯಾಕ್ಟೀರಿಯಾದೊಳಗೆ ಅಡಗಿದ ವೈರಸ್ಸಿನ ಜೀನ್ ಇನ್ನೊಂದು ಕಡೆ, ಇವೆರಡೂ ಜೀವಕೋಶವನ್ನು ಕೊಲ್ಲಲು ಆರಿಸಿಕೊಂಡ ಮರ್ಮಸ್ಥಾನ ಒಂದೇ. (ಹರಳೆಣ್ಣೆ ಹಚ್ಚಿಕೊಳ್ಳುವವರು ಹೆದರಬೇಕಿಲ್ಲ. ವಿಷ ಹಿಂಡಿಯಲ್ಲಿ ಉಳಿಯುತ್ತದೆ, ಎಣ್ಣೆಗೆ ಬರುವುದಿಲ್ಲ.)

ಈ ಇ. ಕೋಲಿಯ ತವರು ದನದ ಕರುಳು. ದನಕ್ಕೆ ಏನೂ ಆಗುವುದಿಲ್ಲ, ಅದರ ಕರುಳಿನ ರಕ್ತನಾಳಗಳಲ್ಲಿ ವಿಷ ಹಿಡಿದುಕೊಳ್ಳಲು ಬೇಕಾದ ಜಿಬಿ3 ಇಲ್ಲ. ಸಗಣಿಯಿಂದ ಮಾಂಸಕ್ಕೆ, ಹಾಲಿಗೆ, ನೀರಿಗೆ, ಸೊಪ್ಪಿಗೆ. ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೂ ಸಾಕು. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಜಾಕ್ ಇನ್ ದಿ ಬಾಕ್ಸ್ ಹೋಟೆಲುಗಳ ಬರ್ಗರ್ ತಿಂದು 700ಕ್ಕೂ ಹೆಚ್ಚು ಜನರಿಗೆ ಕಾಯಿಲೆಯಾಯಿತು, 4 ಮಕ್ಕಳು ಸತ್ತರು. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಇರುವುದು ಮೇಲ್ಮೈಯಲ್ಲಿ, ಬೆಂಕಿ ತಾಗಿದ ಕೂಡಲೇ ಸಾಯುತ್ತದೆ. ಕೈಮಾ ಮಾಡಿದಾಗ ಮೇಲಿದ್ದದ್ದು ಒಳಗೆ ಹೋಗುತ್ತದೆ. ಒಳಗೆ ಬೇಯದಿದ್ದರೆ ಬದುಕುತ್ತದೆ. ವಾಷಿಂಗ್ಟನ್ ರಾಜ್ಯದ ನಿಯಮ 155 ಡಿಗ್ರಿ ಫ್ಯಾರನ್‌ಹೀಟ್ ಕಾಯಿಸಿ ಅನ್ನುತ್ತಿತ್ತು. ಹೋಟೆಲಿನವರು ನಡೆಸಿಕೊಂಡಿದ್ದದ್ದು ಕೇಂದ್ರದ ಹಳೆಯ 140ರ ಲೆಕ್ಕ. ಮರುವರ್ಷ, 1994ರಲ್ಲಿ, ಒ157 ಇರುವ ಕೈಮಾವನ್ನು ಕಲಬೆರಕೆ ಅಂತಲೇ ಪರಿಗಣಿಸುವುದಾಗಿ ಅಮೆರಿಕದ ಕೃಷಿ ಇಲಾಖೆ ಸಾರಿತು. ಅದುವರೆಗೆ ಬೇಯಿಸುವ ಹೊಣೆ ತಿನ್ನುವವರದು ಅಂತ ಕಸಾಯಿಖಾನೆಯವರು ಕೈತೊಳೆದುಕೊಳ್ಳುತ್ತಿದ್ದರು.

ನೀರಿನ ಕಥೆ ಕೆನಡಾದ ವಾಕರ್ಟನ್ ಅನ್ನುವ ಪುಟ್ಟ ಊರಿನದು. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು, ದನದ ಸಗಣಿ ಗೊಬ್ಬರ ತೊಳೆದ ನೀರು ಊರಿನ ಒಂದು ಕಡಿಮೆ ಆಳದ ಬಾವಿಗೆ ಇಳಿಯಿತು. ಕ್ಲೋರಿನ್ ಸಾಲದಷ್ಟಿತ್ತು, ನೀರು ಬಿಡುವವರು ಕ್ಲೋರಿನ್ ಅಳತೆಯ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯುತ್ತಿದ್ದರು. ಲ್ಯಾಬಿನಿಂದ ನೀರು ಕೆಟ್ಟಿದೆ ಅಂತ ವರದಿ ಬಂದ ಮೇಲೂ ಆರೋಗ್ಯ ಇಲಾಖೆಯವರಿಗೆ ನೀರು ಚೆನ್ನಾಗಿದೆ ಅಂದರು. 5,000 ಜನವೂ ಇಲ್ಲದ ಊರು. ಸುತ್ತಮುತ್ತಲಿನವರೂ ಸೇರಿ 2,300ರಷ್ಟು ಜನ ಮಲಗಿದರು, 7 ಜನ ಸತ್ತರು. ಆಮೇಲೆ ನಡೆದ ತನಿಖೆ ಗೊಬ್ಬರ ಹಾಕಿದ ರೈತನದು ತಪ್ಪಿಲ್ಲ ಅಂದಿತು. ನಾನು ಇದನ್ನು ಓದುವಾಗ ಕಣ್ಣಮುಂದೆ ಬಂದದ್ದು ನಮ್ಮ ಊರುಗಳ ಓವರ್‌ಹೆಡ್ ಟ್ಯಾಂಕು, ಬ್ಲೀಚಿಂಗ್ ಪೌಡರ್ ಹಾಕಿದ್ದಕ್ಕೆ ಸಹಿ ಬೀಳುವ ರಿಜಿಸ್ಟರು. ಸುಳ್ಳು ಬರೆಯುತ್ತಾರೆ ಅನ್ನುತ್ತಿಲ್ಲ. ಬರೆದದ್ದನ್ನು ಯಾರೂ ನೀರಿಗೆ ಹೋಲಿಸಿ ನೋಡುವುದಿಲ್ಲ, ಅಷ್ಟು ಹೇಳಬಲ್ಲೆ.

2011ರಲ್ಲಿ ನನ್ನ ತಮ್ಮ ಹ್ಯಾಂಬರ್ಗ್‌ನಲ್ಲಿ ಕೆಲಸದಲ್ಲಿದ್ದ. ಮೇ ತಿಂಗಳ ಕೊನೆಗೆ ಫೋನ್ ಮಾಡಿ, "ಅಕ್ಕಾ, ಇಲ್ಲಿ ಸೌತೆಕಾಯಿ ತಿನ್ಬೇಡಿ ಅಂತಿದಾರೆ" ಅಂದ. ಸ್ಪೇನಿನ ಸೌತೆಕಾಯಿಯ ಮೇಲೆ ಅನುಮಾನ, ಅಲ್ಲಿನ ರೈತರು ತಿಪ್ಪೆಗೆ ಸುರಿದದ್ದು ಲೆಕ್ಕವಿಲ್ಲ. ಸೌತೆಕಾಯಿಯಲ್ಲಿ ಸಿಕ್ಕಿದ್ದು ಬೇರೆಯದೇ ತಳಿ, ಅದರ ತಪ್ಪಿರಲಿಲ್ಲ. ನಿಜವಾದ ಮೂಲ ಹೊರಬಂದಾಗ ತಮ್ಮ ಮತ್ತೆ ಫೋನ್ ಮಾಡಿದ, ಈ ಸಲ ಸಿಟ್ಟಿನಲ್ಲಿ. "ಮೆಂತ್ಯ ಅಂತೆ ಕಣೇ! ನಮ್ಮ ಮೆಂತ್ಯ!" ನಮ್ಮದಲ್ಲ, ಈಜಿಪ್ಟಿನದು. 2009ರಲ್ಲಿ ಯುರೋಪಿಗೆ ಬಂದಿದ್ದ ಮೆಂತ್ಯದ ಬೀಜ, ಲೋಯರ್ ಸ್ಯಾಕ್ಸನಿಯ ಒಂದು ತೋಟದಲ್ಲಿ ಮೊಳಕೆಯಾಗಿ ಹೋಟೆಲುಗಳ ಸಲಾಡಿಗೆ ಹೋಗಿತ್ತು. ಪತ್ತೆ ಮಾಡಿದ ರೀತಿ ಸೊಗಸಾಗಿದೆ. ಏನು ತಿಂದಿರಿ ಅಂತ ಕೇಳಿದರೆ ರೋಗಿಗಳಿಗೆ ತಟ್ಟೆಯ ಮೇಲೆ ಅಲಂಕಾರಕ್ಕೆ ಉದುರಿಸಿದ್ದ ನಾಲ್ಕು ಮೊಳಕೆ ನೆನಪೇ ಇರುತ್ತಿರಲಿಲ್ಲ. ಆಮೇಲೆ ಅಧಿಕಾರಿಗಳು ರೋಗಿಗಳನ್ನು ಬಿಟ್ಟು ಹೋಟೆಲಿನ ಅಡುಗೆಯವರನ್ನು ಹಿಡಿದರು: ಈ ತಿಂಡಿಗೆ ಏನೇನು ಹಾಕುತ್ತೀರಿ, ಹೇಳಿ. ಆಗ ಮೊಳಕೆ ಸಿಕ್ಕಿತು. ಅಷ್ಟರಲ್ಲಿ 3,800ಕ್ಕೂ ಹೆಚ್ಚು ಜನರಿಗೆ ತಗುಲಿ, 855 ಮಂದಿಗೆ ಎಚ್‌ಯುಎಸ್ ಆಗಿ, 53 ಜನ ಸತ್ತಿದ್ದರು. ವಿಚಿತ್ರ ಅಂದರೆ ಆ ಸಲ ಬಹುಪಾಲು ದೊಡ್ಡವರು, ಅದರಲ್ಲೂ ಹೆಂಗಸರು. ಒ104:ಎಚ್4 ಅನ್ನುವ ಬೇರೊಂದು ಜಾತಿಯ ಇ. ಕೋಲಿಗೆ ಶಿಗಾ ವಿಷದ ಫೇಜ್ ಹೊಕ್ಕಿತ್ತು.

ಹಾಗಂತ ಮೊಳಕೆ ಕಾಳಿಗೆ ಹೆದರಬೇಕೆ? ಮೊಳಕೆ ಬರಿಸುವ ಬಿಸುಪು, ತೇವ ಬ್ಯಾಕ್ಟೀರಿಯಾಗೂ ಹಬ್ಬ ಅನ್ನುವುದು ನಿಜ. ಜಪಾನಿನ ಸಕಾಯ್ ನಗರದಲ್ಲಿ 1996ರಲ್ಲಿ ಶಾಲೆಯ ಊಟ ಮಾಡಿ ಸಾವಿರಾರು ಮಕ್ಕಳಿಗೆ ಒ157 ತಗಲಿದಾಗಲೂ ಬೆರಳು ತೋರಿದ್ದು ಮೂಲಂಗಿ ಮೊಳಕೆಯ ಕಡೆಗೆ. ನಮ್ಮ ಮನೆಗಳಲ್ಲಿ ಮೊಳಕೆ ಹುರುಳಿ ಕುದಿದು ಸಾರಾಗುತ್ತದೆ, ಆ ಚಿಂತೆಯಿಲ್ಲ. ಎರಡು ವರ್ಷದ ಕೂಸಿಗೆ ಹಸಿ ಮೊಳಕೆ ಒಳ್ಳೆಯದು ಅಂತ ಬಾಯಿಗೆ ತುರುಕುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ನನ್ನ ಸಿಟ್ಟು ಇರುವುದು ಬೆಂಗಳೂರಿನಲ್ಲಿ ಈಗ ಫ್ಯಾಷನ್ ಆಗಿರುವ ಹಸಿ ಹಾಲಿನ ಮೇಲೆ. ಕರೆದ ಹಾಲನ್ನು ಉಕ್ಕಿಸದೆ ಮಗುವಿಗೆ ಕೊಡುವ ಹಳ್ಳಿಮನೆ ನಾನು ನೋಡಿಲ್ಲ. ಪೇಟೆಯಲ್ಲಿ ಗಾಜಿನ ಬಾಟಲಿಗೆ ತುಂಬಿ, ಕಾಯಿಸಿದರೆ ಸತ್ವ ಹೋಗುತ್ತದೆ ಅಂತ ಹೇಳಿ, ಎರಡರಷ್ಟು ಬೆಲೆಗೆ ಮಾರುತ್ತಾರೆ. ನಾಟಿ ಹಸುವೋ ಎಚ್‌ಎಫ್ ಹಸುವೋ, ಬ್ಯಾಕ್ಟೀರಿಯಾಗೆ ಜಾತಿಭೇದ ಇಲ್ಲ.

ನಮ್ಮ ದೇಶದಲ್ಲಿ ಈ ಕಾಯಿಲೆಯ ದಾರಿ ಮೊದಲಿಂದಲೂ ಬೇರೆ. ಇಲ್ಲಿ ಒ157 ಹಾವಳಿ ಕಡಿಮೆ. ಇಲ್ಲಿ ಮಕ್ಕಳನ್ನು ಹಿಡಿದದ್ದು ಶಿಗಾನೇ ಕಂಡುಹಿಡಿದ ಮೂಲ ಆಸಾಮಿ, ಶಿಗೆಲ್ಲಾ ಡಿಸೆಂಟ್ರಿಯೆ. ಕೋಲಾರ, ಬಂಗಾರಪೇಟೆ ಕಡೆಯವರು ಗಂಭೀರ ಕಾಯಿಲೆಗೆ ರೈಲು ಹತ್ತುತ್ತಿದ್ದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು, ದಕ್ಷಿಣ ಭಾರತದ ಮಕ್ಕಳಲ್ಲಿ ಆಮಶಂಕೆಯ ಬೆನ್ನಿಗೆ ಬರುವ ಎಚ್‌ಯುಎಸ್ ಬಗ್ಗೆ 1978ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಬಾಂಗ್ಲಾದೇಶದಿಂದಲೂ ಅದೇ ವರ್ಷ ಅಂಥದೇ ವರದಿ ಬಂತು. 1984ರಲ್ಲಿ ಬಂಗಾಳದಲ್ಲಿ ದೊಡ್ಡ ಪಿಡುಗಾಗಿ ಹಬ್ಬಿತು. ಆಮೇಲೆ ಆ ಜಾತಿಯ ಶಿಗೆಲ್ಲಾ ಕ್ರಮೇಣ ಹಿಂದೆ ಸರಿದು ಈಗ ಅಪರೂಪವಾಗಿದೆ.

ಇಲ್ಲಿ ಆಂಟಿಬಯೋಟಿಕ್ಕಿನ ತೊಡಕು ಎದುರಾಗುತ್ತದೆ, ಸ್ವಲ್ಪ ನಿಧಾನವಾಗಿ ಓದಿ. ಒ157 ಇರುವಾಗ ಕೆಲವು ಆಂಟಿಬಯೋಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಸಾಯುವ ಗಾಬರಿಯಲ್ಲಿ ಒಳಗಿನ ಫೇಜ್ ಎಚ್ಚೆತ್ತು, ತನ್ನ ಮರಿಗಳನ್ನು ತಯಾರಿಸಿಕೊಂಡು, ಬ್ಯಾಕ್ಟೀರಿಯಾವನ್ನು ಸೀಳಿಕೊಂಡು ಹೊರಬರುತ್ತದೆ, ಜೊತೆಗೆ ವಿಷವೂ. ಒ157 ತಗಲಿದ ಮಕ್ಕಳಲ್ಲಿ ಸುಮಾರು ನೂರಕ್ಕೆ 15 ಮಂದಿಗೆ ಎಚ್‌ಯುಎಸ್ ಆಗುತ್ತದೆ. ಆಂಟಿಬಯೋಟಿಕ್ ಪಡೆದವರಲ್ಲಿ ಅದು ಹೆಚ್ಚು ಅಂತ 2000ದಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿದ ಮೇಲೆ ಅಲ್ಲಿಯ ವೈದ್ಯರು ಕೈ ಕಟ್ಟಿಕೊಂಡು ಕಾಯುವುದನ್ನು ರೂಢಿ ಮಾಡಿಕೊಂಡರು. ಆದರೆ ಶಿಗೆಲ್ಲಾದೊಳಗಿನ ಫೇಜ್ ಮುರುಕಲು, ಹಾಗೆ ಎದ್ದು ಬರುವ ಶಕ್ತಿ ಅದಕ್ಕಿಲ್ಲ. ಶಿಗೆಲ್ಲಾ ರಕ್ತಭೇದಿಗೆ ಆಂಟಿಬಯೋಟಿಕ್ ಬೇಕೇ ಬೇಕು, ಜೀವ ಉಳಿಸುತ್ತದೆ. ಒಂದೇ ವಿಷ, ಎರಡು ಮನೆ, ಸಲಹೆ ತಿರುಗುಮುರುಗು. ನಮ್ಮ ಕಡೆ ಮಲದಲ್ಲಿ ರಕ್ತ ಕಂಡ ಮಗುವಿಗೆ ಡಾಕ್ಟರ್ ಆಂಟಿಬಯೋಟಿಕ್ ಬರೆದರೆ ಅದಕ್ಕೆ ಒಳ್ಳೆಯ ಕಾರಣವಿದೆ. ದಯವಿಟ್ಟು ಇದನ್ನು ಓದಿ ನಿಲ್ಲಿಸಬೇಡಿ. ಎರಡು ಕಡೆಯೂ ಕೊಡಬಾರದ್ದು ಅಂದರೆ ಕರುಳಿನ ಓಟವನ್ನೇ ನಿಲ್ಲಿಸುವ ಭೇದಿ ಮಾತ್ರೆ. ವಿಷವನ್ನು ಒಳಗೇ ಕೂಡಿಹಾಕಿದಂತೆ ಅದು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಮೊದಲು ಕೈಗೆ ಸಿಗುವುದೂ ಅದೇ.

ಈಗ ನಮ್ಮಲ್ಲಿ ಸ್ಲೈಡಿನಲ್ಲಿ ಚೂರುಗಳು ಕಂಡಾಗ ಇನ್ನೊಂದು ಅನುಮಾನವೂ ಏಳಬೇಕು. ಬ್ಯಾಕ್ಟೀರಿಯಾದ ವಿಷವೇ ಇಲ್ಲದೆ, ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಇದೇ ಚಿತ್ರ ಮೂಡಿಸುವುದುಂಟು. ನಮ್ಮದೇ ಜೀವಕೋಶಗಳನ್ನು ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಹೊಡೆತದಿಂದ ಕಾಯುವ ಫ್ಯಾಕ್ಟರ್ ಎಚ್ ಅನ್ನುವ ಅಂಶದ ವಿರುದ್ಧ ಕೆಲವು ಮಕ್ಕಳು ಪ್ರತಿಕಾಯ ತಯಾರಿಸಿಕೊಂಡುಬಿಡುತ್ತಾರೆ. ಬೇರೆ ದೇಶಗಳಲ್ಲಿ ಇದು ಕಡಿಮೆ. ದೆಹಲಿಯ ಏಮ್ಸ್‌ನ ಅರವಿಂದ ಬಗ್ಗಾ ಮತ್ತು ಸಂಗಡಿಗರ ಕೆಲಸದಿಂದ ಗೊತ್ತಾದದ್ದು, ಭಾರತದಲ್ಲಿ ಈ ಎರಡನೆಯ ಬಗೆಯ ಎಚ್‌ಯುಎಸ್ ಆಗುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಪ್ರತಿಕಾಯವೇ ಕಾರಣ. ಹೆಚ್ಚಾಗಿ ಶಾಲೆಗೆ ಹೋಗುವ ವಯಸ್ಸಿನವರು. ಇದಕ್ಕೆ ಕಾಯುತ್ತ ಕೂರುವ ಹಾಗಿಲ್ಲ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಬದಲಿಸಬೇಕು, ಬೇಗ. ಎರಡೂ ಒಂದೇ ಥರ ಕಾಣುವುದರಿಂದ, ರಿಪೋರ್ಟಿನಲ್ಲಿ ನಾನು ಕಾರಣ ಬರೆಯುವುದಿಲ್ಲ. ಕಂಡದ್ದನ್ನು ಬರೆದು ಕೂಡಲೇ ಫೋನ್ ಮಾಡುತ್ತೇನೆ.

ಮನೆಗೆ ಬಂದ ಮೇಲೆ ಮಗು ಆಡುತ್ತದೆ, ಉಣ್ಣುತ್ತದೆ. ಅಲ್ಲಿಗೆ ಎಲ್ಲರೂ ಮರೆಯುತ್ತಾರೆ. ಆದರೆ ಚೇತರಿಸಿಕೊಂಡವರಲ್ಲಿ ಸುಮಾರು ಕಾಲು ಭಾಗದಷ್ಟು ಮಕ್ಕಳಿಗೆ ವರ್ಷಗಳ ಮೇಲೆ ಬಿ.ಪಿ. ಏರುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ಕಿಡ್ನಿಯ ಶಕ್ತಿ ಕುಗ್ಗುವುದು ಕಾಣಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ವರ್ಷಕ್ಕೊಮ್ಮೆ ಒಂದು ಮೂತ್ರ ಪರೀಕ್ಷೆ, ಒಮ್ಮೆ ಬಿ.ಪಿ. ಸಾಕು. ಅದರಲ್ಲೂ ಒಂದು ಫಜೀತಿ: ತಾಲ್ಲೂಕು ಮಟ್ಟದ ಎಷ್ಟೋ ಕ್ಲಿನಿಕ್ಕುಗಳಲ್ಲಿ ಮಗುವಿನ ತೋಳಿಗೆ ಸರಿಹೋಗುವ ಬಿ.ಪಿ. ಪಟ್ಟಿಯೇ ಇರುವುದಿಲ್ಲ. ದೊಡ್ಡವರ ಪಟ್ಟಿ ಸುತ್ತಿ ಅಳೆದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ವಿಷಕ್ಕೆ ಪ್ರತಿವಿಷ ಇನ್ನೂ ಕೈಗೆ ಬಂದಿಲ್ಲ. ಅರ್ಜೆಂಟೀನಾದಲ್ಲೇ ಕುದುರೆಯ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಮಕ್ಕಳಿಗೆ ಕೊಟ್ಟು ಪರೀಕ್ಷಿಸಿದ್ದಾರೆ. ನಮ್ಮಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ತಯಾರಾಗುವುದೂ ಕುದುರೆಯಿಂದಲೇ, ವಿದ್ಯೆ ಹೊಸದೇನಲ್ಲ. ಕಷ್ಟ ಇರುವುದು ಹೊತ್ತಿನದು. ಹಾವು ಕಚ್ಚಿದ್ದು ಗೊತ್ತಾಗುತ್ತದೆ. ಇದು ಕಚ್ಚಿದ್ದು ಗೊತ್ತಾಗುವ ಹೊತ್ತಿಗೆ ವಿಷ ಆಗಲೇ ಜೀವಕೋಶದ ಒಳಗೆ ಸೇರಿರುತ್ತದೆ, ಅಲ್ಲಿಗೆ ಪ್ರತಿವಿಷ ತಲುಪುವುದಿಲ್ಲ. ಭೇದಿ ಶುರುವಾದ ದಿನದಿಂದ ಕಿಡ್ನಿ ನಿಲ್ಲುವ ದಿನಕ್ಕೆ ಹೆಚ್ಚೆಂದರೆ ಒಂದು ವಾರ, ಹತ್ತು ದಿನ. ಏನು ಮಾಡಿದರೂ ಅಷ್ಟರೊಳಗೇ ಮಾಡಬೇಕು. ಸದ್ಯಕ್ಕೆ ಆ ದಿನಗಳಲ್ಲಿ ಮಾಡಬಹುದಾದದ್ದು ಅಂದರೆ, ಭೇದಿಯಲ್ಲಿ ರಕ್ತ ಕಂಡ ಮಗುವಿಗೆ ರಕ್ತಕಣ ಎಣಿಸುವ ಒಂದು ಸಿಬಿಸಿ, ಒಂದು ಕ್ರಿಯಾಟಿನಿನ್, ಎರಡು ದಿನ ಬಿಟ್ಟು ಮತ್ತೊಮ್ಮೆ ಅವೇ. ಜಿಲ್ಲಾ ಆಸ್ಪತ್ರೆಯಲ್ಲಾದರೆ ಖರ್ಚು ಅಂತ ಹೇಳುವಷ್ಟೂ ಆಗುವುದಿಲ್ಲ. ರಿಕ್ವೆಸ್ಟ್ ಫಾರಂ ಮೇಲೆ ಡೆಂಗಿ ಅಂತಷ್ಟೇ ಬರೆಯದೆ, ಭೇದಿ ಆಗಿತ್ತು ಅನ್ನುವ ಎರಡು ಪದ ಸೇರಿಸಿ ಕಳಿಸಿದರೆ ನಮ್ಮ ಟೆಕ್ನಿಷಿಯನ್ ಮಷಿನ್ನಿನ ಅಂಕಿಗೆ ನಿಲ್ಲದೆ ಸ್ಲೈಡ್ ಕೂಡ ಎಳೆದಿಡುತ್ತಾನೆ.